ಕಾಕಾನ ಗ್ಲಾಸು

ಈ ಸಭೆಯ ಅಧ್ಯಕ್ಷರೂ ನಮ್ಮ ಪರೀಕ್ಷಾ ಪ್ರಯೋಗಾಲಯದ ಮಾಲೀಕರೂ ಆದ ಶಶಿಕಾಂತ ಸಾಹೇಬರೇ, ಧಾರವಾಡದಿಂದ ಬಂದು ಹೂಮಾಲೆಯ ಭಾರಕ್ಕೆ ಕತ್ತು ಬಗ್ಗಿಸಿ ಕುಳಿತಿರುವ ವಿಶ್ವವಿದ್ಯಾಲಯದ ಗುರುಗಳೇ, ತಾರಿಹಾಳದ ಕಾರ್ಖಾನೆಗಳ ಯಜಮಾನರೇ, ಗೋಕುಲ ರಸ್ತೆಯ ನನ್ನ ನೆರೆಹೊರೆಯವರೇ, ಬಾಗಿಲ ಬಳಿ ಚಹಾದ ಕಿಟ್ಲಿ ಹಿಡಿದು ನಿಂತಿರುವ ಅರಫಾತನೇ, ಮತ್ತು ಒಳಗಿನಿಂದ ಊಟದ ವಾಸನೆ ಬಂದರೂ ಎದ್ದು ಹೋಗದ ಧೈರ್ಯವಂತ ಸಭಿಕರೇ,

ನನ್ನ ಹೆಸರು ಮೈಲಾರಿ. ಆಮಂತ್ರಣ ಪತ್ರಿಕೆಯಲ್ಲಿ ನನ್ನ ಹೆಸರಿಲ್ಲ. ಅದು ಮುದ್ರಣಾಲಯದವರ ತಪ್ಪು ಎಂದು ನಾನು ತಿಳಿದುಕೊಂಡಿದ್ದೇನೆ. "ಮೈಲಾರಿ, ನಾಕ ಮಾತು ಹೇಳು, ಐದನೇದು ಬ್ಯಾಡ" ಎಂದು ಸಾಹೇಬರು ಅಪ್ಪಣೆ ಕೊಟ್ಟಿದ್ದಾರೆ. ಮೂವತ್ತೊಂದು ವರ್ಷ ಅವರ ಪ್ರಯೋಗಾಲಯದಲ್ಲಿ ಗಾಜು ತೊಳೆದಿದ್ದೇನೆ, ದ್ರಾವಣದ ಬಾಟಲಿ ಹೊತ್ತಿದ್ದೇನೆ, ಒಂದು ದಿನವೂ ಅವರ ಮಾತು ಮೀರಿಲ್ಲ. ಈವತ್ತು ಮೀರುತ್ತೇನೆ. ಮಾರ್ಚ್ ತಿಂಗಳಿಗೆ ನಿವೃತ್ತಿಯಾಗುವವನನ್ನು ಈಗ ಕೆಲಸದಿಂದ ತೆಗೆದು ಅವರು ಮಾಡುವುದಾದರೂ ಏನು?

ಈವತ್ತು ಸನ್ಮಾನ ಯಾರಿಗೆ? ವಿದ್ಯಾಳಿಗೆ. ವಿದ್ಯಾ ಯಾರು? ನನ್ನ ಅಣ್ಣ ಲಕ್ಕಪ್ಪನ ಮಗಳು. ಈಗ ಡಾಕ್ಟರು. ಔಷಧ ಬರೆದುಕೊಡುವ ಡಾಕ್ಟರಲ್ಲ. ಆ ಔಷಧವನ್ನೇ ಹಿಡಿದು ನಿಲ್ಲಿಸಿ "ನೀನು ಖರೇ ಹೌದೋ ಅಲ್ಲೋ" ಎಂದು ಕೇಳುವ ಡಾಕ್ಟರು. ಬರುವ ಸೋಮವಾರದಿಂದ ಅವಳೇ ನಮ್ಮ ಪ್ರಯೋಗಾಲಯದ ಮುಖ್ಯಸ್ಥೆ. ಅಂದರೆ ನಾಲ್ಕು ತಿಂಗಳು ನಾನು ಅವಳ ಕೈಕೆಳಗೆ ಕೆಲಸ ಮಾಡಬೇಕು. ಚಿಕ್ಕವಳಿದ್ದಾಗ ಅವಳ ಮೂಗು ಒರೆಸಿದ ಕೈ ಇದು. ಈಗ ಅವಳು ನನ್ನ ರಜೆಯ ಚೀಟಿಗೆ ಸಹಿ ಹಾಕುತ್ತಾಳೆ.

ಅವಳಿಗೆ ಡಾಕ್ಟರೇಟು ತಂದುಕೊಟ್ಟ ವಿಷಯ ಯಾವುದು? ಗುರುಗಳು ಈಗತಾನೇ ಇಂಗ್ಲಿಷಿನಲ್ಲಿ ಇಪ್ಪತ್ತು ನಿಮಿಷ ಹೇಳಿದರು. ನೀವೆಲ್ಲ ತಲೆ ಅಲ್ಲಾಡಿಸಿದಿರಿ. ಎಷ್ಟು ಜನಕ್ಕೆ ತಿಳಿಯಿತು ಎಂಬುದನ್ನು ನಾನು ವೇದಿಕೆಯ ಪಕ್ಕದಿಂದ ನೋಡಿದೆ. ತಾರಿಹಾಳದ ನಮ್ಮ ಬಸಣ್ಣನವರಿಗೂ ತಿಳಿಯಲಿಲ್ಲ. ಎರಡನೆಯ ಸಾಲಿನಲ್ಲಿ ಕುಳಿತಿದ್ದಾರೆ ನೋಡಿ, ನೆಗಡಿಯ ಸಿರಪ್ಪು ತಯಾರಿಸುವವರು. ಬಂದ ಕೂಡಲೇ ಅರಫಾತ ಚಹಾ ಹಿಡಿದರೆ ಬೇಡವೆಂದರು. ಸಕ್ಕರೆ ಕಾಯಿಲೆಯಂತೆ. ಆದರೆ ಪೇಢೆಯ ತಾಟು ಬಂದಾಗ ಎರಡು ಪೇಢೆ ಎತ್ತಿಕೊಂಡದ್ದನ್ನು ನಾನು ಕಂಡಿದ್ದೇನೆ. ಅದು ಇರಲಿ.

ವಿಷಯವನ್ನು ಕನ್ನಡದಲ್ಲಿ ನಾನು ಹೇಳುತ್ತೇನೆ. ಕುಂದಗೋಳ ತಾಲೂಕಿನ ನಮ್ಮೂರ ಕನ್ನಡ ಶಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ ಓದಿದವನು ನಾನು. ನಮ್ಮ ಮಾಸ್ತರರು ಗಣಿತಕ್ಕಿಂತ ಹೆಚ್ಚಾಗಿ ನನ್ನಿಂದ ಅವರ ಹೊಲದ ಮೆಣಸಿನಕಾಯಿ ಬಿಡಿಸಿದರು. ಆದರೂ ತಿಳಿಸಿ ಹೇಳುವ ಕಲೆ ನನಗೆ ಬಂದಿದೆ.

ಒಂದು ಉಕ್ಕಿನ ಕೊಳವೆ. ಉದ್ದ ಒಂದು ಗೇಣು, ದಪ್ಪ ನನ್ನ ಹೆಬ್ಬೆರಳಿನಷ್ಟು. ಇದಕ್ಕೆ ಕಾಲಂ ಎನ್ನುತ್ತಾರೆ. ಒಳಗೆ ಬಿಳಿ ಪುಡಿ, ಹೆಸರು ಸಿಲಿಕಾ. ಮರಳಿನ ಕುಲದ್ದು, ಆದರೆ ರಂಗೋಲಿ ಪುಡಿಗಿಂತ ನೂರು ಪಾಲು ನುಣುಪು. ಒಂದು ತುದಿಯಿಂದ ಪಂಪು ದ್ರವವನ್ನು ತಳ್ಳುತ್ತದೆ. ಆ ದ್ರವದ ಜೊತೆಗೆ ಔಷಧವನ್ನು ಒಳಗೆ ಬಿಡುತ್ತಾರೆ. ಔಷಧದಲ್ಲಿರುವ ಬೇರೆ ಬೇರೆ ಪದಾರ್ಥಗಳು ಪುಡಿಯೊಳಗಿಂದ ಹಾದು ಬೇರೆ ಬೇರೆ ಹೊತ್ತಿಗೆ ಹೊರಗೆ ಬರುತ್ತವೆ. ಒಂದೊಂದು ಬಂದಾಗಲೂ ಗಣಕಯಂತ್ರದ ಮೇಲೆ ಒಂದೊಂದು ಗುಡ್ಡ ಏಳುತ್ತದೆ. ಗುಡ್ಡ ಎಷ್ಟು ದೊಡ್ಡದೋ ಔಷಧ ಅಷ್ಟು. ಇಷ್ಟೇ. ಇದಕ್ಕೆ ಇಪ್ಪತ್ತು ನಿಮಿಷ ಬೇಕೇ, ಗುರುಗಳೇ? ಕ್ಷಮಿಸಿ, ನಗುತ್ತಿದ್ದೀರಿ, ಧೈರ್ಯ ಬಂತು.

ಈ ಪುಡಿಯಲ್ಲಿ ಎರಡು ಜಾತಿ. ಒಂದು ಬರಿಯ ಸಿಲಿಕಾ, ಬರಿಮೈಯದು. ಇನ್ನೊಂದಕ್ಕೆ ಕಂಪನಿಯವರು ಮೇಣದಂಥ ಒಂದು ಅಂಗಿ ತೊಡಿಸಿರುತ್ತಾರೆ; ಆಗ ನಮ್ಮ ಕಾಲಮ್ಮಿನಲ್ಲಿ ಇರುತ್ತಿದ್ದದ್ದು ಈ ಅಂಗಿಯದು. ಬರಿಮೈಯ ಸಿಲಿಕಾದ ಸ್ವಭಾವ ಆಮ್ಲದ್ದು. ನೆಗಡಿಗೆ ಕೊಟ್ಟು ನಿದ್ದೆ ಬರಿಸುವ ಕ್ಲೋರ್‌ಫೆನಿರಮೈನ್‌ನಂಥ ಔಷಧಗಳದ್ದು ಅದಕ್ಕೆ ಎದುರಾದ ಪ್ರತ್ಯಾಮ್ಲದ ಸ್ವಭಾವ. ಇವೆರಡೂ ಎದುರಾದರೆ ಏನಾಗುತ್ತದೆ? ಜಗಳವಲ್ಲ, ಅಪ್ಪುಗೆ! ನಮ್ಮ ಕಡೆ ಬೀಗರು ಹೊರಟು ನಿಂತಾಗ ಹೊಸ್ತಿಲಲ್ಲಿ ಕೈ ಹಿಡಿದು "ಇನ್ನೊಂದ್ ರೊಟ್ಟಿ ತಿಂದು ಹೋಗ್ರಿ" ಎನ್ನುತ್ತಾರಲ್ಲ, ಹಾಗೆ ಸಿಲಿಕಾ ಆ ಔಷಧದ ಕೈ ಬಿಡುವುದಿಲ್ಲ. ಪ್ಯಾರಾಸಿಟಮಾಲ್ ಮಾತ್ರ ಮುಲಾಜಿಲ್ಲದ ಮನುಷ್ಯ; ನೆಟ್ಟಗೆ ಹೋಗಿ ಬಸ್ಸು ಹತ್ತುತ್ತದೆ. ಹೀಗೆ ತಡವಾದ ಔಷಧದ ಗುಡ್ಡ ನೆಟ್ಟಗೆ ಎದ್ದು ನೆಟ್ಟಗೆ ಇಳಿಯುವುದಿಲ್ಲ, ಹಿಂದೆ ಉದ್ದನೆಯ ಬಾಲ ಎಳೆಯುತ್ತದೆ. ಬಾಲದ ತುದಿಯನ್ನು ಯಂತ್ರ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆಗ ಔಷಧ ಇದ್ದದ್ದಕ್ಕಿಂತ ಕಡಿಮೆ ಕಾಣುತ್ತದೆ.

ಇನ್ನು ನನ್ನ ಪಾತ್ರ. ಅದಕ್ಕಾಗಿಯೇ ಅಲ್ಲವೇ ನಾನು ನಿಂತಿರುವುದು?

ಪ್ರಯೋಗಾಲಯಕ್ಕೆ ಬರುವ ಮುಂಚೆ ನಾನು ಅಮರಗೋಳದ ಮಾರುಕಟ್ಟೆಯಲ್ಲಿ ಒಣ ಮೆಣಸಿನಕಾಯಿಯ ಚೀಲ ತುಂಬುತ್ತಿದ್ದೆ. ಚೀಲ ತುಂಬುವುದೆಂದರೆ ಸುರಿಯುವುದಲ್ಲ. ಒಳಗೆ ಇಳಿದು ತುಳಿಯಬೇಕು. ಕಾಯಿ ಮುರಿಯಬಾರದು, ಮೂಲೆಯಲ್ಲಿ ಗಾಳಿ ಉಳಿಯಬಾರದು. ನಾನು ತುಂಬಿದ ಚೀಲವನ್ನು ಗೋಡೆಗೆ ಒರಗಿಸದೆ ನಿಲ್ಲಿಸಿದರೆ ನಿಂತೇ ಇರುತ್ತಿತ್ತು. ಕಾಲಂ ಕೂಡ ಚೀಲವೇ, ಸಣ್ಣ ಚೀಲ. ಬಳಸಿ ಬಳಸಿ ಅದರ ಬಾಯಿಯ ಹತ್ತಿರ ಪುಡಿ ಕುಗ್ಗಿ ಪೊಳ್ಳು ಬೀಳುತ್ತದೆ. ಹೊಸ ಕಾಲಂ ಮುಂಬಯಿಯಿಂದ ಬರಲು ವಾರ ಬೇಕು. ನಾನು ಅದರ ತಿರುಪು ಬಿಚ್ಚಿ, ಚಿಟಿಕೆ ಪುಡಿಯನ್ನು ಒದ್ದೆ ಮಾಡಿ ಪೊಳ್ಳಿಗೆ ತುಂಬಿ, ಬ್ಲೇಡಿನಿಂದ ಸಮ ಮಾಡಿ ಮುಚ್ಚಿದರೆ ಇನ್ನೂ ಆರು ತಿಂಗಳು ಓಡುತ್ತಿತ್ತು. ಬೆಳಗಾವಿಯ ಪ್ರಯೋಗಾಲಯದವರು ಕೂಡ ನನಗೆ ಫೋನು ಮಾಡಿ ಕೇಳುತ್ತಿದ್ದರು. ಒಂದು ಸಲ ಕೇಳಿದ್ದರು. ನನ್ನ ಮಟ್ಟಿಗೆ ಅದು "ಕೇಳುತ್ತಿದ್ದರು" ಎಂಬುದಕ್ಕೆ ಸಾಕು.

ಆರು ವರ್ಷದ ಹಿಂದಿನ ಮಾತು. ವಿದ್ಯಾ ಆಗ ಕೆಲಸಕ್ಕೆ ಸೇರಿ ನಾಲ್ಕು ತಿಂಗಳಾಗಿತ್ತು. ಬಸಣ್ಣನವರ ಸಿರಪ್ಪು ಪರೀಕ್ಷೆಗೆ ಬಂದಿತ್ತು. ಅದರಲ್ಲಿ ಪ್ಯಾರಾಸಿಟಮಾಲೂ ಇತ್ತು, ಆ ನಿದ್ದೆಯ ಔಷಧವೂ ಇತ್ತು. ಸರಕಾರಿ ಆಸ್ಪತ್ರೆಗಳಿಗೆ ಹೋಗಬೇಕಾದ ಮಾಲು, ಅವರ ಕಾರ್ಖಾನೆಗೆ ಮೊದಲನೆಯ ದೊಡ್ಡ ಬೇಡಿಕೆ. ನಮ್ಮ ವರದಿ ಒಂದು ಕೆಟ್ಟರೆ ಬೇಡಿಕೆ ಹೋಗುತ್ತದೆ, ಹೆಸರು ಹೋಗುತ್ತದೆ, ಬಾಟಲಿಗೆ ಚೀಟಿ ಅಂಟಿಸುವ ನಲವತ್ತು ಹೆಣ್ಣುಮಕ್ಕಳ ಕೆಲಸ ಹೋಗುತ್ತದೆ. ಬೆಳಿಗ್ಗೆ ವಿದ್ಯಾ ಅಳತೆಯ ದ್ರಾವಣವನ್ನು, ಅಂದರೆ ಔಷಧ ಎಷ್ಟಿದೆಯೆಂದು ಮೊದಲೇ ಗೊತ್ತಿರುವ ದ್ರಾವಣವನ್ನು, ಯಂತ್ರಕ್ಕೆ ಬಿಟ್ಟು ಗುಡ್ಡದ ಎತ್ತರ ನೋಡಿಕೊಂಡಳು. ಮಧ್ಯಾಹ್ನ ಕಾಲಂ ತೊಂದರೆ ಕೊಟ್ಟಿತು. "ಕಾಕಾ, ಬಾಯಾಗ ಪೊಳ್ಳು ಬಿದ್ದೈತಿ ನೋಡ್ರಿ" ಎಂದಳು. ಊಟದ ಡಬ್ಬಿ ಮುಚ್ಚಿಟ್ಟು ಎದ್ದೆ. ಕಾಲು ಗಂಟೆಯಲ್ಲಿ ತುಂಬಿ ಕೊಟ್ಟೆ. ಅವಳು ಅವಸರದಲ್ಲಿ ಸಿರಪ್ಪನ್ನು ಬಿಟ್ಟಳು. ನಿದ್ದೆಯ ಔಷಧ ನೂರಕ್ಕೆ ಎಂಬತ್ತೆಂಟು ಬಂತು.

ಎಂಬತ್ತೆಂಟು! ಹನ್ನೆರಡು ಪಾಲು ಎಲ್ಲಿಗೆ ಹೋಯಿತು? ಸಾಹೇಬರು ಕನ್ನಡಕ ಮೇಲೆ ಸರಿಸಿ ಕೇಳಿದರು:

"ಮೈಲಾರಿ, ಕಾಲಂ ಸರಿಯಾಗಿ ತುಂಬೀಯಿಲ್ಲೋ?"

"ಏನ್ ಕೇಳ್ತೀರಿ ಸಾಹೇಬ್ರ! ಇಪ್ಪತ್ತೈದು ವರ್ಷದ ಕೈ ಐತ್ರಿ ಇದು."

"ಹಂಗಾದ್ರ ಮಾಲಿನ್ಯಾಗ ಕಮ್ಮಿ ಐತೇನು?"

"ಮತ್ತೇನ್ರಿ! ಕಾಲಂ ಸುಳ್ಳು ಹೇಳತೈತೇನು?"

ಹೀಗೆ ಹೇಳಿ, ಎದೆ ಉಬ್ಬಿಸಿಕೊಂಡು, ಎದುರಿನ ಅರಫಾತನ ಚಹಾದಂಗಡಿಗೆ ಹೋದೆ. ಅಲ್ಲಿ ನಾಲ್ಕಾರು ಜನ ನಿಂತಿದ್ದರು, ಔಷಧದಂಗಡಿಯವರೂ ಒಬ್ಬರಿದ್ದರು. "ಏನ್ ಕಾಕಾ, ಈವತ್ತ ಭಾಳ ಗತ್ತಿನ್ಯಾಗ ಅದೀರಿ" ಎಂದರು. ಅದಕ್ಕೆ ನಾನು... ಅದು ಇರಲಿ. ಚಹಾ ಕುಡಿಯುತ್ತಾ ಗ್ಲಾಸು ಹಿಡಿದುಕೊಂಡೇ ಬಂದೆ.

ಬಂದು ನೋಡಿದರೆ ವಿದ್ಯಾ ಗಣಕಯಂತ್ರದ ಮುಂದೆ ಗಲ್ಲಕ್ಕೆ ಕೈ ಹಚ್ಚಿಕೊಂಡು ಕುಳಿತಿದ್ದಳು. "ಕಾಕಾ, ಇಲ್ಲಿ ಬರ್ರಿ. ಪ್ಯಾರಾಸಿಟಮಾಲ್ ನೆಟ್ಟಗ ಬಂದೈತಿ. ಬಾಲ ಬಂದದ್ದು ಇದೊಂದಕ್ಕ. ಮಾಲಿನ್ಯಾಗ ಕಮ್ಮಿ ಇದ್ರ ಗುಡ್ಡ ಸಣ್ಣದು ಆಗಬೇಕಿತ್ತು, ಬಾಲ ಯಾಕ ಬರತೈತಿ?" ಎಂದಳು. ನಾನು "ನನಗೇನ್ ಗೊತ್ತವ್ವಾ, ನಾ ಸಾಲಿ ಕಲ್ತವನಲ್ಲ" ಎಂದೆ. ಸಭಿಕರೇ, ನನಗೆ ಅನುಕೂಲವಾದಾಗ ನಾನು ಇಡೀ ಗೋಕುಲ ರಸ್ತೆಗೇ ಜಾಣ. ಅನುಕೂಲವಾಗದಾಗ ಏಳನೆಯ ಇಯತ್ತೆ.

ಅವಳು ಕಾಲಂ ಬಿಚ್ಚಿ, ನಾನು ತುಂಬಿದ ಬಾಯಿಯಿಂದ ಎರಡು ಸಾಸಿವೆಕಾಳಿನಷ್ಟು ಪುಡಿ ಕೆರೆದು ತೆಗೆದು ಒಣಗಿಸಿದಳು. ನಾನು ಕುಡಿದಿಟ್ಟ ಚಹಾದ ಗ್ಲಾಸನ್ನು ತೊಳೆದು ನೀರು ತುಂಬಿ ಕಿಟಕಿಯ ಬೆಳಕಿಗೆ ಇಟ್ಟಳು. "ಅಂಗಿ ಹಾಕಿದ ಸಿಲಿಕಾಕ್ಕ ನೀರು ಹತ್ತೂದಿಲ್ಲ ಕಾಕಾ, ತೇಲತೈತಿ. ಬರಿಯ ಸಿಲಿಕಾ ನೀರು ಕುಡಿದು ಮುಳಗತೈತಿ" ಎಂದಳು. ಮೊದಲು ಹಳೆಯ ಶೀಸೆಯ ತಳದಲ್ಲಿ ಅಂಟಿಕೊಂಡಿದ್ದ ಅಂಗಿಯ ಪುಡಿಯನ್ನು ಉದುರಿಸಿದಳು. ಹಾಲಿನ ಕೆನೆಯ ಹಾಗೆ ತೇಲಿತು. ಆಮೇಲೆ ಕಾಲಮ್ಮಿನ ಬಾಯಿಯದನ್ನು ಉದುರಿಸಿದಳು.

ಅದು ಒಂದು ಕ್ಷಣ ನೀರಿನ ಮೇಲೆ ನಿಂತಿತು. ನನ್ನ ಕಡೆಗೆ ನೋಡಿದ ಹಾಗಾಯಿತು. ಆಮೇಲೆ ಒಂದೊಂದೇ ಕಣ ಕೆಳಗೆ ಇಳಿಯತೊಡಗಿ ಎಲ್ಲವೂ ತಳ ಸೇರಿತು. ಒಂದೂ ತೇಲಲಿಲ್ಲ.

ಈಗ ಕೇಳಿ. ಅಂಗಿಯ ಪುಡಿಯ ಶೀಸೆ ಆ ದಿನ ಮುಗಿದಿತ್ತು. ಪಕ್ಕದಲ್ಲಿ ಬರಿಯ ಸಿಲಿಕಾದ ಡಬ್ಬಿ ಇತ್ತು. ಅದೂ ಬಿಳಿ, ಇದೂ ಬಿಳಿ. ಚಿಟಿಕೆಯಷ್ಟು ತಾನೇ, ಏನಾಗುತ್ತದೆ ಎಂದುಕೊಂಡೆ. ಬ್ಯಾಡಗಿ ಕಾಯಿ ಸಾಲದಾದಾಗ ಚೀಲದ ಬಾಯಿಗೆ ಬೇರೆ ಕಾಯಿ ಹಾಕಿ ಹೊಲಿದವರನ್ನು ನಾನು ಮಾರುಕಟ್ಟೆಯಲ್ಲಿ ಬೇಕಾದಷ್ಟು ನೋಡಿದ್ದೇನೆ. ಅವರನ್ನು ಬೈದಿದ್ದೇನೆ ಕೂಡ. ಆ ದಿನ ಅದೇ ಕೆಲಸ ಮಾಡಿದ್ದೆ. ಬೆಳಿಗ್ಗೆ ಒಂದು ತಕ್ಕಡಿಯಲ್ಲಿ ಕಲ್ಲು ತೂಗಿ, ಮಧ್ಯಾಹ್ನ ಕೆಟ್ಟ ತಕ್ಕಡಿಯಲ್ಲಿ ಬಸಣ್ಣನವರ ಮಾಲು ತೂಗಿದ ಹಾಗಾಗಿತ್ತು.

ವಿದ್ಯಾ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು, ನಾನೂ ನಾಲ್ಕು ಬೈದು ಮನೆಗೆ ಹೋಗುತ್ತಿದ್ದೆ. ಅವಳು ದಾಖಲೆಯ ಪುಸ್ತಕ ತೆರೆದು ಬರೆದಳು: "ಕಾಲಂ ಬದಲಾದ ಮೇಲೆ ಅಳತೆಯ ದ್ರಾವಣವನ್ನು ಮತ್ತೆ ಓಡಿಸಲಿಲ್ಲ. ತಪ್ಪು ನನ್ನದು. ವಿದ್ಯಾ." ಅದರ ಕೆಳಗೆ ಬರೆದಳು: "ಕಾಲಂ ಬಾಯಿಗೆ ಬರಿಯ ಸಿಲಿಕಾ ತುಂಬಲಾಗಿದೆ. ತುಂಬಿದವರು:" ಎಂದು ಬರೆದು ಮುಂದೆ ಜಾಗ ಬಿಟ್ಟಳು. ಪೆನ್ನನ್ನು ಪುಸ್ತಕದ ಮೇಲೆ ಇಟ್ಟು ಹೇಳಿದಳು:

"ವರದಿ ನಾಕ ಗಂಟೆಕ್ಕ ಹೋಗತೈತಿ ಕಾಕಾ. ನಿಮ್ಮ ಹೆಸರು ನಾ ಬರಿಯೂದಿಲ್ಲ."

"ಯಾಕವ್ವಾ, ನಿನ್ನ ಕೈ ಹಿಡಿದವರು ಯಾರು?"

"ನನ್ನ ಕೈ ಹಿಡಿದು ಅಕ್ಷರ ತಿದ್ದಿಸಿದವರು ನೀವ ಅಲ್ಲೇನ್ರಿ?"

ಸಭಿಕರೇ, ನಾನು ಹುಲಿಯ ಹಾಗೆ ಎದ್ದು ಹೋಗಿ ಹೆಸರು ಬರೆದೆ ಎಂದು ಹೇಳಬೇಕೆಂದು ಮನೆಯಲ್ಲಿ ಅಭ್ಯಾಸ ಮಾಡಿಕೊಂಡು ಬಂದಿದ್ದೆ. ನನ್ನ ಹೆಂಡತಿ ಸತ್ಯವ್ವ ಇಲ್ಲಿ ಕುಳಿತಿರುವುದರಿಂದ ಹಾಗೆ ಹೇಳಲಾರೆ. ಗ್ಲಾಸು ತೊಳೆಯುವ ಮೋರಿಯ ಮುಂದೆ ಬಹಳ ಹೊತ್ತು ನಿಂತಿದ್ದೆ, ತೊಳೆದ ಗಾಜನ್ನೇ ಮತ್ತೆ ಮತ್ತೆ ತೊಳೆದೆ. ಅಷ್ಟು ಸ್ವಚ್ಛವಾದ ಗಾಜು ನಮ್ಮ ಪ್ರಯೋಗಾಲಯದಲ್ಲಿ ಹಿಂದೆಂದೂ ಇರಲಿಲ್ಲ. ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ ಹೋಗಿ ಬರೆದೆ. ಮೈಲಾರಿ. "ರಿ"ಯ ಗುಡಿಸು ಮೇಲಿನ ಗೆರೆ ದಾಟಿ ಹೋಯಿತು.

ಸಾಹೇಬರು ಆ ಪುಟವನ್ನು ಓದಿದರು, ನನ್ನ ಮುಖವನ್ನು ಓದಿದರು, ವರದಿ ತಡೆದು ಮರುದಿನಕ್ಕೆ ಮತ್ತೆ ಪರೀಕ್ಷೆ ಹಾಕಿದರು. ಬೇರೆ ಕಾಲಮ್ಮಿನಲ್ಲಿ, ಅಳತೆಯ ದ್ರಾವಣದ ಬೆನ್ನಿಗೇ ಸಿರಪ್ಪು ಬಿಟ್ಟು ನೋಡಿದರೆ ತೊಂಬತ್ತೊಂಬತ್ತೂವರೆ. ಬಸಣ್ಣನವರ ಮಾಲು ಚಿನ್ನದಂಥದು. ವರದಿ ಹೋಯಿತು, ಮಾಲು ಆಸ್ಪತ್ರೆಗೆ ಹೋಯಿತು.

ಬೇರೆ ಯಾರಾದರೂ ಆಗಿದ್ದರೆ ಬರಿಯ ಸಿಲಿಕಾದ ಡಬ್ಬಿಗೆ ಬೀಗ ಹಾಕಿ ಕೈತೊಳೆದುಕೊಳ್ಳುತ್ತಿದ್ದರು. ನಮ್ಮ ವಿದ್ಯಾ ಏನು ಮಾಡಿದಳು? "ಕಾಕಾ, ಒಂದ್ ಚಿಟಿಕಿ ಸಿಲಿಕಾ ಆ ಔಷಧವನ್ನ ಇಷ್ಟು ಹಿಡಕೋತೈತಿ ಅಂದ್ರ, ಇಡೀ ಕಾಲಂ ಅದರಿಂದನ ತುಂಬಿ, ಅದರ ಕೈ ಬಿಡಿಸೂವಂಥ ದ್ರವ ಹುಡುಕಿದ್ರ ಹೆಂಗ?" ಎಂದಳು. ಹೀಗೆ ಮಾಡಿದವರು ಪ್ರಪಂಚದಲ್ಲಿ ಮೊದಲೇ ಇದ್ದಾರೆ, ಪುಸ್ತಕಗಳಲ್ಲಿ ಇದೆ, ತಾನೇ ಕಂಡುಹಿಡಿದದ್ದು ಎಂದು ಹೇಳಬೇಡಿ ಎಂದು ಬೆಳಿಗ್ಗೆ ನನಗೆ ಮೂರು ಸಲ ಎಚ್ಚರಿಕೆ ಕೊಟ್ಟಿದ್ದಾಳೆ. ಆದ್ದರಿಂದ ಹೇಳುವುದಿಲ್ಲ. ಆದರೆ ನಮ್ಮ ತಾರಿಹಾಳದ ಸಿರಪ್ಪಿಗೆ, ನಮ್ಮ ನೀರಿಗೆ, ನಮ್ಮ ಹಳೆಯ ಪಂಪಿಗೆ ಹೊಂದುವಂತೆ ಮಾಡಿದವರು ಯಾರು? ಮೆಥನಾಲು, ನೀರು, ಅದರಲ್ಲಿ ಇಷ್ಟೇ ಇಷ್ಟು ಅಮೋನಿಯಂ ಲವಣ. ಆ ಲವಣ ಹೋಗಿ ಸಿಲಿಕಾದ ಕೈ ಹಿಡಿದುಕೊಳ್ಳುತ್ತದೆ. ಸಿಲಿಕಾ ಅದರ ಜೊತೆ ಮಾತಾಡುತ್ತಿರುವಾಗ ನಮ್ಮ ಔಷಧ ಮೆಲ್ಲಗೆ ಜಾರಿಕೊಂಡು ಹೊರಗೆ ಬರುತ್ತದೆ. ಬೀಗರನ್ನು ಕಳಿಸುವಾಗ ಯಜಮಾನಿತಿಯನ್ನು ಒಳಗೆ ಮಾತಿಗೆ ಕೂರಿಸುವ ಉಪಾಯವೇ ಇದು. ಇದೇ ಅವಳಿಗೆ ಡಾಕ್ಟರೇಟು ತಂದುಕೊಟ್ಟಿತು.

ಪುಡಿಯನ್ನು ದ್ರವದಲ್ಲಿ ತೆಳ್ಳಗಿನ ಅಂಬಲಿಯ ಹದಕ್ಕೆ ಕದಡಿ, ಕೊಳವೆಗೆ ಹಾಕಿ, ಪಂಪಿನ ಒತ್ತಡದಿಂದ ಕೂರಿಸಿ ಕಾಲಂ ತುಂಬಿದವನು ನಾನು. ಮೂರನೆಯ ಸಲಕ್ಕೇ ಸರಿಯಾಯಿತು. ವಿದ್ಯಾ ಅಲ್ಲಿಂದ ಬೆರಳು ತೋರಿಸುತ್ತಿದ್ದಾಳೆ. ಸರಿ, ಹನ್ನೊಂದನೆಯ ಸಲ. ಹನ್ನೊಂದನೆಯ ಕಾಲಮ್ಮಿನಿಂದ ಎದ್ದ ಗುಡ್ಡವನ್ನು ನೀವು ನೋಡಬೇಕಿತ್ತು! ಸೂಜಿಯ ಹಾಗೆ ಎದ್ದಿತು, ಸೂಜಿಯ ಹಾಗೆ ಇಳಿಯಿತು. ಬಾಲವೆಂಬುದಿಲ್ಲ. ಸಾಹೇಬರು ಬಂದು ನೋಡಿ "ಛಲೋ ಆತು" ಎಂದರು. ಮೂವತ್ತೊಂದು ವರ್ಷದಲ್ಲಿ ಅವರು ಛಲೋ ಎಂದದ್ದು ಎರಡು ಸಲ. ಮೊದಲನೆಯದು ಅವರ ಮಗಳ ಮದುವೆಯ ಊಟಕ್ಕೆ. ಆ ದಿನವೂ ವಿದ್ಯಾ ಪುಸ್ತಕದಲ್ಲಿ "ಕಾಲಂ ತುಂಬಿದವರು:" ಎಂದು ಬರೆದು ಜಾಗ ಬಿಟ್ಟಳು. ಈ ಸಲ ಯಾರೂ ನನಗೆ ಗಂಟೆ ಹೇಳಬೇಕಾಗಲಿಲ್ಲ. ಓಡಿ ಹೋಗಿ ಬರೆದೆ, ಕೆಳಗೆ ಎರಡು ಗೆರೆ ಎಳೆದೆ.

ಅಷ್ಟೇ ಅಲ್ಲ. ಅಂದಿನಿಂದ ನಮ್ಮಲ್ಲಿ ಯಾವ ಪುಡಿಯನ್ನೇ ಆಗಲಿ ಕಾಲಮ್ಮಿಗೆ ತುಂಬುವ ಮುಂಚೆ ಒಂದು ಚಿಟಿಕೆಯನ್ನು ನೀರಿನ ಗ್ಲಾಸಿಗೆ ಹಾಕಿ, ತೇಲಿತೋ ಮುಳುಗಿತೋ ನೋಡಿ ಬರೆಯಬೇಕು. ನಮ್ಮ ಪ್ರಯೋಗಾಲಯದ ಹುಡುಗಿಯರು ಅದಕ್ಕೆ ಏನೆನ್ನುತ್ತಾರೆ ಗೊತ್ತೇ? "ಕಾಕಾನ ಗ್ಲಾಸು." "ಏ, ಕಾಕಾನ ಗ್ಲಾಸು ಆತೇನ?" ಎಂದು ದಿನಾ ಕೇಳುತ್ತಾರೆ. ಈ ಸಭೆಯಲ್ಲಿ ಎಷ್ಟು ಜನರ ಹೆಸರಿನಲ್ಲಿ ಒಂದು ವೈಜ್ಞಾನಿಕ ಪರೀಕ್ಷೆ ಇದೆ? ಗುರುಗಳೇ, ನಿಮ್ಮ ಹೆಸರಿನಲ್ಲಿ ಇದೆಯೇ? ಸುಮ್ಮನೆ ಕೇಳಿದೆ. ಅದೇ ಗ್ಲಾಸು ಇನ್ನೂ ಕಿಟಕಿಯಲ್ಲಿದೆ, ಗೀರುಗೀರಾದ ಸಣ್ಣ ಚಹಾದ ಗ್ಲಾಸು. ಅಂಗಡಿಗೆ ಹಿಂದಿರುಗಿಸಲೇ ಇಲ್ಲ. ಹಾಗೆ ನೋಡಿದರೆ ಅದು ನನ್ನ ಗ್ಲಾಸಲ್ಲ. ಅರಫಾತನದು.

ಅರಫಾತನದು.

ನನ್ನ ಚೀಟಿಯಲ್ಲಿ ಇಲ್ಲಿಗೆ ಭಾಷಣ ಮುಗಿದಿದೆ. "ಎಲ್ಲರಿಗೂ ವಂದನೆ" ಎಂದು ಬರೆದಿದೆ, ನೋಡಿ. ಆದರೆ ಎರಡು ಸಲ "ಅದು ಇರಲಿ" ಎಂದು ಹೇಳಿ ದಾಟಿ ಬಂದೆ. ಮೂರನೆಯ ಸಲ ನಾಲಿಗೆ ಏಳುತ್ತಿಲ್ಲ.

ಆ ಮಧ್ಯಾಹ್ನ ಚಹಾದಂಗಡಿಯಲ್ಲಿ ನಾನು ಹೇಳಿದ್ದು ಇದು: "ಬಸಣ್ಣನ ಸಿರಪ್ಪಿನ್ಯಾಗ ಔಷಧ ಕಮ್ಮಿ ಬಂದೈತಿ. ನೀರು ಹಾಕ್ಯಾನ ನೋಡ್ರಿ, ನಮ್ಮ ಕಾಲಮ್ಮಿನ ಮುಂದ ನಡೀತೈತೇನು ಅದು!" ನನ್ನ ಕಾಲಮ್ಮಿನ ಹೆಚ್ಚುಗಾರಿಕೆಗೆ ಹೇಳಿದ್ದು. ನಾಲ್ಕು ಗಂಟೆಗೆ ಪುಸ್ತಕದಲ್ಲಿ ಹೆಸರು ಬರೆದು ವರದಿಯನ್ನು ಸರಿ ಮಾಡಿದೆ. ಅಂಗಡಿಯಲ್ಲಿ ಆಡಿದ ಈ ಮಾತನ್ನು ಯಾರು ಸರಿ ಮಾಡಬೇಕು? ವಾರದೊಳಗೆ ಔಷಧದಂಗಡಿಗಳಿಂದ ಬಸಣ್ಣನವರ ಸಿರಪ್ಪಿನ ಪೆಟ್ಟಿಗೆಗಳು ಹಿಂದಕ್ಕೆ ಬಂದವು. ಮತ್ತೆ ನಂಬಿಕೆ ಹುಟ್ಟಿಸಲು ಅವರು ಒಂದು ವರ್ಷ ಅಂಗಡಿ ಅಂಗಡಿ ತಿರುಗಿದರು. ಯಾರು ಹೇಳಿದರು ಎಂದು ವಿಚಾರಿಸಿದಾಗ ಜನ "ಅರಫಾತನ ಅಂಗಡ್ಯಾಗ ಕೇಳಿದ್ವಿ" ಎಂದರು. ಬಸಣ್ಣನವರು ಅದನ್ನು ಅರಫಾತನೇ ಹೇಳಿದ ಎಂದು ತಿಳಿದರು. ಅವನ ಮುಂದೆ ಹೋಗಿ ನಿಂತು, ನಾಲ್ಕು ಜನರೆದುರು, ನಾನೂ ಅಲ್ಲಿದ್ದೆ, ಬೈದರು. ಆರು ವರ್ಷವಾಯಿತು, ಅವನ ಕೈಯ ಚಹಾ ಮುಟ್ಟಿಲ್ಲ. ಸಕ್ಕರೆ ಕಾಯಿಲೆಯಲ್ಲ ಅದು, ನನಗೆ ಗೊತ್ತು.

ಅರಫಾತನಿಗೆ ಎಲ್ಲ ಗೊತ್ತಿತ್ತು. ನಾನು ಹೇಳುವಾಗ ನನ್ನೆದುರಿಗೇ ಗ್ಲಾಸು ಹಿಡಿದು ನಿಂತಿದ್ದನಲ್ಲ! ಬೈಸಿಕೊಳ್ಳುವಾಗ ನನ್ನ ಕಡೆ ತಿರುಗಿ ಸಹ ನೋಡಲಿಲ್ಲ. ಒಂದು ದಿನ ತಡೆಯಲಾರದೆ ಕೇಳಿದೆ: "ಯಾಕೋ, ಮೈಲಾರಿ ಹೇಳಿದ್ದು ಅಂತ ಹೇಳಬಾರದಾಗಿತ್ತೇನು?"

"ನೀವ ಹೇಳ್ತೀರಿ ಅಂತ ಕಾಯಾಕತ್ತೇನ್ರಿ ಕಾಕಾ" ಎಂದು ಚಹಾ ಸೋಸಿದ.

ಅವನೂ ಜಾಗ ಬಿಟ್ಟಿದ್ದ, ಸಭಿಕರೇ. ವಿದ್ಯಾ ಕೊಟ್ಟದ್ದು ಎರಡು ಗಂಟೆಯ ಗಡುವು. ಅವನು ಗಡುವನ್ನೇ ಹೇಳಲಿಲ್ಲ.

ಬಸಣ್ಣನವರೇ, ಆ ಮಾತು ನಾನು ಹೇಳಿದ್ದು. ಹೇಳಿದವರು: ಮೈಲಾರಿ. ನಿಮ್ಮ ಮಾಲಿನಲ್ಲಿ ಹನಿ ನೀರು ಹೆಚ್ಚಿರಲಿಲ್ಲ. ವಿದ್ಯಾ, ನೀನು ಕಣ್ಣಿಗೆ ಸೆರಗು ಹಚ್ಚಬೇಡವ್ವಾ, ಈವತ್ತು ನಿನ್ನ ಸನ್ಮಾನ. ನಿನಗೆ ನಾನು ಶಾಲು ತಂದಿಲ್ಲ, ಇದನ್ನೇ ತಂದಿದ್ದೇನೆ ಎಂದುಕೋ. ಮನೆಯಿಂದ ಹೊರಡುವಾಗ ತಂದಿರಲಿಲ್ಲ, ದಾರಿಯಲ್ಲಿ ಸಿಕ್ಕಿತು.

ಅರಫಾತ, ಗೋಡೆಗೆ ಒರಗಿ ಏಕೆ ನಿಂತೆ? ಕಿಟ್ಲಿ ತೆಗೆದುಕೊಂಡು ಎರಡನೆಯ ಸಾಲಿಗೆ ಹೋಗಪ್ಪಾ. ಬಸಣ್ಣನವರೇ, ಸಕ್ಕರೆ ಇಲ್ಲದ ಚಹಾವನ್ನೂ ಇವನು ಮಾಡಿಕೊಡುತ್ತಾನೆ... ಏನೆಂದಿರಿ? ಸಕ್ಕರೆ ಇದ್ದರೂ ನಡೆಯುತ್ತದೆಯೇ? ಕೇಳಿಸಿತೇನೋ ಅರಫಾತ? ಗ್ಲಾಸು ತುಂಬ ಹಾಕು. ತುಂಬುವುದು ಹೇಗೆಂದು ಗೊತ್ತಿಲ್ಲದಿದ್ದರೆ ನನ್ನನ್ನು ಕೇಳು.

ನಾಲ್ಕು ಮಾತಿಗೆ ಬದಲಾಗಿ ನಾನೂರು ಆಡಲು ಬಿಟ್ಟ ಸಾಹೇಬರಿಗೂ, ನಗುತ್ತಾ ಕುಳಿತ ಗುರುಗಳಿಗೂ, ನನ್ನ ಹೆಸರಿಗೆ ಜಾಗ ಬಿಟ್ಟ ನಮ್ಮ ಡಾಕ್ಟರ್ ವಿದ್ಯಾಳಿಗೂ, ಹಸಿವು ತಡೆದುಕೊಂಡ ನಿಮ್ಮೆಲ್ಲರಿಗೂ ನನ್ನ ವಂದನೆಗಳು. ಊಟಕ್ಕೆ ಏಳಿ, ಆದರೆ ಮೊದಲು ಚಹಾ.

ನಮಸ್ಕಾರ.